ಒಂದು ಬದಿ ಖಾಲಿ

ಶಿವಮೊಗ್ಗದ ಕೋರ್ಟಿನ ಗೇಟಿಗೆ ಎದುರು
ಎಳನೀರಿನ ಗಾಡಿಗೂ ನೋಟರಿಯವರ ಛತ್ರಿಗೂ ನಡುವೆ
ಆರಡಿ ಅಗಲದ ಜೆರಾಕ್ಸ್ ಅಂಗಡಿ ನನ್ನದು.
ಒಂದು ಯಂತ್ರ, ಒಂದು ಸ್ಟೂಲು, ಒಂದು ಫ್ಯಾನು.
ಫ್ಯಾನು ಹಾಕಿದರೆ ಹಾಳೆ ಹಾರುತ್ತದೆ,
ಹಾಕದಿದ್ದರೆ ನನ್ನ ಪ್ರಾಣ.

ದಿನಕ್ಕೆ ಮೂವತ್ತು ಹಾಳೆಯಾದರೂ ಕೆಡುತ್ತವೆ:
ಮಸಿ ಮೆತ್ತಿದ ಪಹಣಿ, ಅರ್ಧ ಮುಖದ ರೇಷನ್ ಕಾರ್ಡು,
ಓರೆಯಾಗಿ ಮಲಗಿಬಿಟ್ಟ ಕ್ರಯಪತ್ರ.
ಹೆಸರು ನಂಬರು ಇದ್ದಲ್ಲಿ ಕತ್ತರಿ ಆಡಿಸುತ್ತೇನೆ,
ಊರಿನ ಗುಟ್ಟೆಲ್ಲ ನನ್ನ ಡಬ್ಬಿಯಲ್ಲಿ ಚೂರುಚೂರು.
ಉಳಿದದ್ದಕ್ಕೆ ತೂತು ಹೊಡೆದು, ದಾರ ಪೋಣಿಸಿ
ಕೌಂಟರಿನ ಮೊಳೆಗೆ ನೇತುಹಾಕಿದ್ದೇನೆ.
ಒಂದು ಬದಿ ಖಾಲಿ.
ಬೇಕಾದವರು ಹರಿದುಕೊಳ್ಳಬಹುದು.

ಮೊದಲು ಹರಿದವನು ಗುತ್ಯಪ್ಪ, ಬೋಂಡ ಕಟ್ಟಿಕೊಡಲು.
ಎಣ್ಣೆ ಕುಡಿದ ಹಾಳೆಯಲ್ಲಿ ಯಾರದೋ ಸೈಟಿನ ಚಕ್ಕುಬಂದಿ:
ಪೂರ್ವಕ್ಕೆ ರಸ್ತೆ, ಉತ್ತರಕ್ಕೆ ಚರಂಡಿ,
ಪಶ್ಚಿಮಕ್ಕೆ ಕಾಯಿ ಚಟ್ನಿ.

ಬರೆಯುವುದು ಶುರುವಾದದ್ದು
ಕರೆಂಟು ಹೋದ ಒಂದು ಮಧ್ಯಾಹ್ನ.
ಸಾಲಿನಲ್ಲಿ ಏಳು ಜನ, ಏಳೂ ಜನ ನನ್ನನ್ನೇ ನೋಡುತ್ತಿದ್ದರು
ಮೆಸ್ಕಾಂ ನನ್ನ ತವರುಮನೆ ಎಂಬಂತೆ.
ತುಂಬುಬಸುರಿ ಜಬೀನಾ ಹಾಳೆ ಹರಿದು ಗಾಳಿ ಹಾಕಿಕೊಂಡಳು,
ಬೀಸಿ ಬೀಸಿ ಬೇಸತ್ತು ಪೆನ್ನು ಕೇಳಿದಳು.
ಮದುವೆಮನೆಗಳಲ್ಲಿ ಮೆಹಂದಿ ಹಾಕುವ ಕೈ ಅದು.
ಹಾಳೆಯ ಮೂಲೆಯಿಂದ ಒಂದು ಬಳ್ಳಿ ಹೊರಟಿತು,
ಇಲ್ಲಿ ಮಣಿಕಟ್ಟು ಇಲ್ಲವೆಂದು ಗೊತ್ತಾದ ಬಳ್ಳಿ
ನಿಲ್ಲುವುದನ್ನೇ ಮರೆತು
ಎರಡನೇ ಹಾಳೆಗೆ ದಾಟಿತು.
ಹಿಂದೆ ನಿಂತಿದ್ದ ಹೂವಿನ ಚೌಡಮ್ಮ ಬಗ್ಗಿ ನೋಡಿ
‘ನಾಕು ಎಲೆಗೆ ಒಂದು ಮೊಗ್ಗು ಬರ್ಬೇಕು ಕಣವ್ವ,
ಕಟ್ಟೋಳಿಗೆ ಗೊತ್ತಿರತ್ತೆ’ ಅಂದಳು.
ಬಂತು ಮೊಗ್ಗು.

ಟೈಪಿಂಗಿನ ಫೆಲಿಕ್ಸ್ ಸರ್,
ಮೂವತ್ತು ವರ್ಷದಿಂದ ‘ಸದರಿ’, ‘ಮೇಲ್ಕಂಡ’ ಬಿಟ್ಟು
ಬೇರೇನೂ ಹೊಡೆಯದ ಬೆರಳು,
ಕನ್ನಡಕ ಒರೆಸಿ, ಒಂದು ಹಾಳೆ ಹರಿದು ಬರೆದರು:
‘ಸದರಿ ಮಧ್ಯಾಹ್ನ ಮೇಲ್ಕಂಡ ಗಾಳಿಯು
ಹಾಜರಾಗದೇ ಇರುವುದರಿಂದ...’
ಅಲ್ಲಿಗೇ ನಿಂತರು. ಮುಂದೆ ಹೊಳೆಯಲಿಲ್ಲವಂತೆ.
ಕ್ಲಿಪ್ಪು ಹಾಕಿ ಷಟರಿಗೆ ಸಿಕ್ಕಿಸಿದೆ.
ಮರುದಿನ ಬೆಳಿಗ್ಗೆ ಕೆಳಗೆ ಯಾರೋ
‘ಎಳನೀರು ಕುಡಿಯತಕ್ಕದ್ದು.’
ಯಾರೋ ಏನು, ಅಕ್ಷರ ಗಾಡಿಯವನದೇ.

ಈಗ ಷಟರಿನ ತುಂಬ ಬಟ್ಟೆ ಕ್ಲಿಪ್ಪು.
ಕಳಲೆಯ ನೀರು ಮೂರು ದಿನ ಬದಲಿಸಬೇಕೋ
ಎರಡೇ ಸಾಕೋ ಎಂದು ನಾಲ್ಕು ಕೈಬರಹದ ಜಗಳ,
ನಡುವೆ ಒಬ್ಬರು ‘ನಮ್ಮತ್ತೆ ಹೇಳಿದ್ದು’ ಎಂದು
ಕೆಂಪು ಶಾಯಿಯಲ್ಲಿ ತೀರ್ಪು ಕೊಟ್ಟಿದ್ದಾರೆ.
ಪೊಲೀಸು ಪೇದೆಯೊಬ್ಬ ಬಿಡಿಸಿದ ನಾಯಿ,
ಕಾಲು ಐದಾಗಿದೆ, ಅದು ಬಾಲ ಎಂದು ವಾದ.
ಹೊಳೆ ಬಸ್‌ಸ್ಟಾಪಿನ ಆಟೋ ಹಾಲೇಶಿ
ಗಾಡಿಯ ಹಿಂದೆ ಬರೆಸಲು ಸಾಲು ಹುಡುಕುತ್ತಾ
ಇಪ್ಪತ್ತೆರಡು ಬರೆದ, ಇಪ್ಪತ್ತೆರಡೂ ಹೊಡೆದುಹಾಕಿದ.
ಆಟೋದ ಬೆನ್ನು ಇನ್ನೂ ಬೋಳು.
‘ಯೋಚ್ನೆ ಮಾಡ್ತಿದೀನಿ ಅಕ್ಕ, ಅವಸರ ಮಾಡಬ್ಯಾಡಿ.’

ಹೊಸ ವಕೀಲರೊಬ್ಬರು ಕೇಳಿದರು, ‘ಇದರಿಂದೇನು ಬರುತ್ತೆ?’
ಕಾಪಿಗೆ ಎರಡು ರೂಪಾಯಿ ಎಂಬ ಬೋರ್ಡು ತೋರಿಸಿದೆ.
ಆ ಬದಿಯ ದರ ನನಗೂ ಗೊತ್ತಿಲ್ಲ ಸ್ವಾಮಿ.

ನಾನು ಮಾತ್ರ ಏನೂ ಬರೆದವಳಲ್ಲ.
ಬೇರೆಯವರದ್ದನ್ನು ಇದ್ದಂಗೆ ತೆಗೆದುಕೊಡುವುದು ನನ್ನ ಕಸುಬು.
ಒಂದು ಸಂಜೆ ಜನ ಕರಗಿದ ಮೇಲೆ
ಏನನ್ನಿಸಿತೋ, ಗಾಜಿನ ಮೇಲೆ ಅಂಗೈ ಇಟ್ಟು ಗುಂಡಿ ಒತ್ತಿದೆ.
ಬೆಳಕು ಬೆರಳ ಸಂದಿಯಲ್ಲಿ ನಡೆದುಹೋಯಿತು.
ಹೊರಬಂದ ಕೈ ಕಪ್ಪಗೆ, ಬೆಚ್ಚಗೆ,
ಹೊಲಿಗೆ ಬಿಟ್ಟ ಚೀಲದಂತೆ ಗೆರೆಗೆರೆ.
ನಾಚಿಕೆಯಾಗಿ ಕಟ್ಟಿನ ಕೊನೆಯಲ್ಲಿ ಸಿಕ್ಕಿಸಿ ಮನೆಗೆ ಹೋದೆ.

ಮೂರು ವಾರದ ಕೂಸಿನೊಂದಿಗೆ ಜಬೀನಾ ಬಂದಳು,
ಜನನ ಪತ್ರ ಎರಡು ಕಾಪಿ.
ಕರೆಂಟು ಇರಲಿಲ್ಲ, ಮತ್ತೇನು.
ಕೂಸು ನನ್ನ ತೊಡೆಗೆ, ಹಾಳೆಯ ಕಟ್ಟು ಅವಳ ಕೈಗೆ.
ನನ್ನ ಅಂಗೈ ಅವಳಿಗೆ ಸಿಕ್ಕೇಬಿಟ್ಟಿತು.
ಯಾರ ಕೈ ಎಂದು ಕೇಳಲಿಲ್ಲ,
ಬಿಳಿ ಶಾಯಿಯ ಪೆನ್ನು ತೆಗೆದು
ಕಿರುಬೆರಳ ತುದಿಯಿಂದ ಶುರುಮಾಡಿದಳು,
ನಾಕು ಎಲೆ, ಒಂದು ಮೊಗ್ಗು.

ಗುತ್ಯಪ್ಪ ಬೋಂಡದ ಕೈ ಒರೆಸಿಕೊಂಡು ಬಂದು
ಆ ಹಾಳೆಯನ್ನು ಬಿಸಿಲಿಗೆ ಹಿಡಿದು
ಬಹಳ ಹೊತ್ತು ನೋಡಿದ.
‘ಆಯುಷ್ಯದ ರೇಖೆಗೇನೂ ಮೋಸ ಇಲ್ಲ ಅಕ್ಕ.
ಟೋನರು ಮಾತ್ರ ಕಮ್ಮಿಯಾಗಿದೆ.’